ಫ್ರಾನ್ಸಿನ ಹಳ್ಳಿ ಕಡೆ ನದಿ ದಡದಲ್ಲಿ ನಡೆಯುವುದಿದ್ದರೆ ಯಾವ ಕಣಿವೆ? ಜೊತೆಗೆ ಅಮ್ಮ ಇದ್ದಾರೆ

ಸೀತಾನದಿ, ಉಡುಪಿ

ನಮಸ್ಕಾರ ಎಲ್ಲರಿಗೂ. ಬರುವ ಸೆಪ್ಟೆಂಬರಿನಲ್ಲಿ ನಾನು, ನಮ್ಮವರು, ಅಮ್ಮ ಮೂವರೂ ಫ್ರಾನ್ಸಿಗೆ ಹೋಗುವವರಿದ್ದೇವೆ. ಮಗಳು ಟೂಲೂಸಿನಲ್ಲಿ ಓದುತ್ತಿದ್ದಾಳೆ. ಅವಳನ್ನು ನೋಡಿದ ಹಾಗೂ ಆಯಿತು, ಒಂದು ವಾರ ಹಳ್ಳಿ ಕಡೆ ತಿರುಗಿದ ಹಾಗೂ ಆಯಿತು ಅಂತ ಯೋಚನೆ. ಪ್ಯಾರಿಸ್ ಬೇಡ. ನದಿ ಪಕ್ಕದ ಕಾಲುದಾರಿ, ಹಳೇ ಸೇತುವೆ, ಪಾಳುಬಿದ್ದ ಮಠ, ಇಂಥದ್ದು ಬೇಕು.

ನಾನು ಬಾರ್ಕೂರಿನವಳು. ಕತ್ತಲೆ ಬಸದಿಯ ಪಕ್ಕದಲ್ಲೇ ಆಟ ಆಡಿ ಬೆಳೆದದ್ದು. ಸಾಲಿನಲ್ಲಿ ನಿಂತು ನೋಡುವ ಅರಮನೆಗಿಂತ, ನಡೆಯುತ್ತಾ ಹೋಗುವಾಗ ಎದುರಾಗುವ ಹಳೇ ಕಲ್ಲು ನನಗೆ ಜಾಸ್ತಿ ಇಷ್ಟ.

ನಮ್ಮಲ್ಲಿ ಯಾರೂ ಅಲ್ಲಿ ಕಾರು ಓಡಿಸುವುದಿಲ್ಲ. ಅಮ್ಮನಿಗೆ 68. ಸಮತಟ್ಟು ದಾರಿಯಾದರೆ ಗಂಟೆಗಟ್ಟಲೆ ನಡೆಯುತ್ತಾರೆ, ಇಳಿಜಾರಿನಲ್ಲಿ ಮೊಣಕಾಲು ನೋವು. ನಾವು ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಎಲ್ಲರೂ ಲೋವಾರ್ ನದಿ ಅನ್ನುತ್ತಾರೆ, ಮಗಳು ಲಾಟ್ ನದಿ ಅನ್ನುತ್ತಾಳೆ. ಹೋಗಿ ಬಂದವರು ದಯವಿಟ್ಟು ಹೇಳಿ.

ಜೆಪ್ಪು ದೋಣಿ, ಮಂಗಳೂರು

ಮಗಳ ಮಾತು ಕೇಳಿ ಮಾರಾಯ್ರೆ. ಟೂಲೂಸಿನಿಂದ ಕಾಓರ್ ಊರಿಗೆ ನೇರ ರೈಲು ಉಂಟು, ಒಂದೂವರೆ ಗಂಟೆಯೊಳಗೆ ಇಳಿಯುತ್ತೀರಿ. ಅಲ್ಲೇ ಲಾಟ್ ನದಿ. ಊರನ್ನು ಮೂರು ಕಡೆಯಿಂದ ಬಳಸಿ ಹರಿಯುತ್ತದೆ.

ಅಲ್ಲಿ ಮೊದಲು ವಲಾಂತ್ರೆ ಸೇತುವೆ ನೋಡಿ. ಸ್ಟೇಷನ್ನಿನಿಂದ ನಡೆದೇ ಹೋಗಬಹುದು. 1308ರಲ್ಲಿ ಶುರುವಾದ ಕೆಲಸ, ಮುಗಿಯಲಿಕ್ಕೆ ಸುಮಾರು 70 ವರ್ಷ ಹಿಡಿಯಿತು. ಸೇತುವೆ ಮೇಲೆ ಮೂರು ಗೋಪುರ. ಕೆಲಸ ಬೇಗ ಮುಗಿಯಲಿ ಅಂತ ಮೇಸ್ತ್ರಿ ಸೈತಾನನ ಜೊತೆ ಒಪ್ಪಂದ ಮಾಡಿಕೊಂಡ, ಕಡೆಗೆ ಜರಡಿಯಲ್ಲಿ ನೀರು ತರಲಿಕ್ಕೆ ಹೇಳಿ ಅವನನ್ನೇ ಸೋಲಿಸಿದ, ಆ ಸಿಟ್ಟಿಗೆ ಸೈತಾನ ದಿನಾ ರಾತ್ರಿ ಒಂದು ಕಲ್ಲು ಕಿತ್ತು ಹಾಕುತ್ತಿದ್ದ ಅಂತ ಊರವರ ಕತೆ. 1879ರಲ್ಲಿ ದುರಸ್ತಿ ಮಾಡಿದ ಪಾಲ್ ಗೂ ಎನ್ನುವ ವಾಸ್ತುಶಿಲ್ಪಿ ನಡುವಿನ ಗೋಪುರದ ಮೂಲೆಯಲ್ಲಿ ಕಲ್ಲು ಕೀಳುತ್ತಿರುವ ಪುಟ್ಟ ಸೈತಾನನನ್ನೇ ಕೆತ್ತಿಸಿ ಇಟ್ಟಿದ್ದಾರೆ. ತಲೆ ಎತ್ತಿ ಹುಡುಕಬೇಕು, ಸಿಕ್ಕಿದರೆ ಖುಷಿಯಾಗುತ್ತದೆ.

ಆದರೆ ನಾನು ಇಷ್ಟುದ್ದ ಬರೆಯಲಿಕ್ಕೆ ಕೂತದ್ದು ಇನ್ನೊಂದು ಜಾಗಕ್ಕಾಗಿ. ಕಾಓರಿನಿಂದ ಫಿಜಾಕ್ ಕಡೆಗೆ ನದಿ ಹಿಡಿದು ಹೋಗುವ ಬಸ್ಸು ಉಂಟು. ಬೂಝಿಯೆಸ್ ಹತ್ತಿರ ಇಳಿದು, ಕಿರಿದಾದ ಸೇತುವೆ ದಾಟಿದರೆ ಹಳ್ಳಿ. ಅಲ್ಲಿಂದ ನದಿಯ ಎಡದಂಡೆಯಲ್ಲಿ ಮೇಲ್ಮುಖವಾಗಿ ಒಂದು ಕಾಲುದಾರಿ. ಸ್ವಲ್ಪ ದೂರ ಮರದ ನೆರಳಿನಲ್ಲಿ ಹೋಗುತ್ತದೆ. ಆಮೇಲೆ ಸುಣ್ಣಕಲ್ಲಿನ ಬಂಡೆ ನೇರ ನೀರಿಗೇ ಇಳಿದಿದೆ, ದಡವೇ ಇಲ್ಲ. 1840ರ ದಶಕದಲ್ಲಿ ಆ ಬಂಡೆಯ ಹೊಟ್ಟೆಯನ್ನೇ ಕೊರೆದು ದಾರಿ ಮಾಡಿದ್ದಾರೆ. ಒಂದು ಪಕ್ಕ ಗೋಡೆ, ತಲೆ ಮೇಲೆ ಅದೇ ಕಲ್ಲಿನ ಚಾಚು, ಇನ್ನೊಂದು ಪಕ್ಕ ನದಿ.

ಏನಕ್ಕೆ ಅಷ್ಟು ಕಷ್ಟಪಟ್ಟರು? ದೋಣಿ ಎಳೆಯಲಿಕ್ಕೆ. ಕಾಓರಿನ ಕಪ್ಪು ವೈನ್ ಪೀಪಾಯಿಗಳು ಗಬಾರ್ ಅನ್ನುವ ಚಪ್ಪಟೆ ತಳದ ದೋಣಿಗಳಲ್ಲಿ ಬೋರ್ದೋ ಬಂದರಿಗೆ ಇಳಿಯುತ್ತಿದ್ದವು. ಇಳಿಯುವಾಗ ಹೊಳೆಯೇ ಕರಕೊಂಡು ಹೋಗುತ್ತದೆ. ವಾಪಸು ಬರುವಾಗ ದಡದಲ್ಲಿ ನಡೆಯುತ್ತಾ ಹಗ್ಗ ಕಟ್ಟಿ ಎಳೆಯಬೇಕು. ರೈಲು ಬಂದ ಮೇಲೆ ಆ ಸಾಗಾಟ ನಿಂತಿತು, ದಾರಿ ಮಾತ್ರ ಉಳಿಯಿತು.

ನನ್ನ ಅಜ್ಜ ನೇತ್ರಾವತಿಯಲ್ಲಿ ಜೆಪ್ಪಿನ ಹಂಚಿನ ಕಾರ್ಖಾನೆಗೆ ದೋಣಿಯಲ್ಲಿ ಆವೆಮಣ್ಣು ತರುತ್ತಿದ್ದವರು. ಇಲ್ಲಿ ಜಲ್ಲೆ ಊರಿ ದೂಡುತ್ತಿದ್ದರು, ಅಲ್ಲಿ ಹಗ್ಗ ಹಿಡಿದು ಎಳೆಯುತ್ತಿದ್ದರು, ಅಷ್ಟೇ ವ್ಯತ್ಯಾಸ. ಹೊಳೆಯಲ್ಲಿ ದುಡಿದವರ ಗುರುತು ನಮ್ಮಲ್ಲಿ ಹೆಚ್ಚು ಕಡೆ ಉಳಿದಿಲ್ಲ. ಅಲ್ಲಿ ಬಂಡೆ ಮೇಲೆ ಉಳಿದಿದೆ. ಆ ಗೋಡೆಗೆ ಕೈ ಇಟ್ಟು ನಾನು ತುಂಬ ಹೊತ್ತು ನಿಂತಿದ್ದೆ. ಗೋಡೆಯ ಒಂದು ಭಾಗದಲ್ಲಿ ಮೀನು, ಚಿಪ್ಪು, ಸುಳಿಯ ಉಬ್ಬುಶಿಲ್ಪ ಕಾಣುತ್ತದೆ. ಅದು ಹಳೆಯದಲ್ಲ, ದಾನಿಯೆಲ್ ಮೊನಿಯೆ ಎನ್ನುವ ಶಿಲ್ಪಿ 1980ರ ದಶಕದಲ್ಲಿ ಕೆತ್ತಿದ್ದು.

ಅಮ್ಮನಿಗೆ ಈ ದಾರಿ ಹೇಳಿ ಮಾಡಿಸಿದ್ದು, ಪೂರ್ತಿ ಸಮತಟ್ಟು. ಅದು ಮುಗಿದ ಮೇಲೆ ಸ್ಯಾಂ ಸಿರ್ ಲಾಪೊಪಿ ಅನ್ನುವ ಹಳ್ಳಿಗೆ ಏರು ಶುರು. ಹಳ್ಳಿ ನದಿಯಿಂದ ಸುಮಾರು 100 ಮೀಟರ್ ಎತ್ತರದ ಬಂಡೆ ಮೇಲೆ ಕೂತಿದೆ. ಕವಿ ಆಂದ್ರೆ ಬ್ರೆತೊನ್ 1951ರಲ್ಲಿ ಅಲ್ಲಿ ಮನೆ ತೆಗೆದುಕೊಂಡರು, ಆಮೇಲೆ ಬೇಸಿಗೆ ಕಳೆಯಲಿಕ್ಕೆ ಅಲ್ಲಿಗೇ ಬರುತ್ತಿದ್ದರು. ಮೊಣಕಾಲು ಬೇಡ ಅಂದರೆ ಅಮ್ಮ ಬಂದ ದಾರಿಯಲ್ಲೇ ವಾಪಸಾಗಲಿ. ಸೀಸನ್ನಿನಲ್ಲಿ ಬೂಝಿಯೆಸ್‌ನಿಂದ ಪ್ರವಾಸಿಗರ ದೋಣಿಯೂ ಹೊರಡುತ್ತದೆ. ಒಂದು ಮಾತು, ಕಲ್ಲು ಉದುರುವ ಭಯ ಇದ್ದಾಗ ಈ ದಾರಿ ಮುಚ್ಚುತ್ತಾರೆ. ಹೊರಡುವ ಮೊದಲು ಕಾಓರಿನ ಪ್ರವಾಸಿ ಕಚೇರಿಯಲ್ಲಿ ಕೇಳಿಕೊಳ್ಳಿ.

ಕಲ್ಯಾಣಪುರ ಕಡವು

ಮೇಲಿನವರು ಹೇಳಿದ್ದು ಚೆನ್ನಾಗಿದೆ. ಆದರೂ ಲೋವಾರ್ ಅನ್ನು ಸುಮ್ನೆ ಬಿಡಬೇಡಿ. ನಾನು ಕೆಲಸದ ಮೇಲೆ ತೂರ್ ನಗರದಲ್ಲಿದ್ದೆ, ರಜೆ ಸಿಕ್ಕಾಗೆಲ್ಲ ಆ ದಡದಲ್ಲೇ ಇರುತ್ತಿದ್ದೆ. ಅರಮನೆಗಳ ಗದ್ದಲ ಬೇಡವಾದರೆ ಸೋಮೂರ್ ಕಡೆ ಹೋಗಿ. ವಿಯೆನ್ ನದಿ ಲೋವಾರನ್ನು ಸೇರುವ ಕಡೆ ಕಾಂದ್ ಸ್ಯಾಂ ಮಾರ್ತ್ಯಾಂ ಅನ್ನುವ ಪುಟ್ಟ ಊರು. ಸಂತ ಮಾರ್ಟಿನ್ 397ರಲ್ಲಿ ತೀರಿಕೊಂಡದ್ದು ಅಲ್ಲೇ. ಅಲ್ಲಿಂದ ಫೋಂತೆವ್ರೋ ಮಠ ಹತ್ತಿರ. 1101ರಲ್ಲಿ ಕಟ್ಟಲು ಶುರು ಮಾಡಿದ ಮಠ. ಇಂಗ್ಲೆಂಡಿನ ರಾಜ ಎರಡನೇ ಹೆನ್ರಿ, ರಾಣಿ ಎಲಿನೋರ್, ಮಗ ರಿಚರ್ಡ್, ಇವರೆಲ್ಲರ ಸಮಾಧಿ ಶಿಲ್ಪ ಅಲ್ಲಿದೆ. ರಾಣಿ ಮಲಗಿಕೊಂಡು ಪುಸ್ತಕ ಓದುತ್ತಿರುವ ಹಾಗೆ ಕೆತ್ತಿದ್ದಾರೆ. ನೆಪೋಲಿಯನ್ ಆ ಮಠವನ್ನು ಜೈಲು ಮಾಡಿದ, 1963ರವರೆಗೂ ಜೈಲಾಗಿಯೇ ಇತ್ತು.

ದಾರಿ ಬಹಳ ಸಮತಟ್ಟು. ಅಮ್ಮನ ಮೊಣಕಾಲಿಗೆ ಲಾಟ್‌ಗಿಂತ ಇದೇ ಸುಲಭ ಅಂತ ನನ್ನ ಅಭಿಪ್ರಾಯ.

ಜೆಪ್ಪು ದೋಣಿ, ಮಂಗಳೂರು

ಫೋಂತೆವ್ರೋ ವಿಷಯದಲ್ಲಿ ನಿಮ್ಮದು ಸರಿ, ಅದು ನೋಡಬೇಕಾದ ಜಾಗವೇ. ಆದರೆ ಟೂಲೂಸಿನಿಂದ ಅಲ್ಲಿಗೆ ಹೋಗಿ ಬರುವುದರಲ್ಲೇ ಎರಡು ದಿನ ಹೋಗುತ್ತದೆ. ಇರುವುದು ಒಂದೇ ವಾರ. ಒಂದೇ ಕಣಿವೆ ಹಿಡಿದು ಅಲ್ಲೇ ಉಳಿಯಿರಿ ಅಂತ ನಾನು ಹೇಳುತ್ತೇನೆ. ಲೋವಾರಿನಲ್ಲಿ ರಾಜರು ಜಾಸ್ತಿ, ಲಾಟ್‌ನಲ್ಲಿ ಕೂಲಿಯವರು ಜಾಸ್ತಿ. ನನ್ನ ಮನಸ್ಸು ಕೂಲಿಯವರ ಕಡೆ.

ಸೀತಾನದಿ, ಉಡುಪಿ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಆ ಬಂಡೆ ದಾರಿ ಓದಿದ ಮೇಲೆ ಲಾಟ್ ಅಂತಲೇ ತೀರ್ಮಾನ ಮಾಡಿದೆವು. ಮಗಳು ಪೆಶ್ ಮೆರ್ಲ್ ಅಂತ ಒಂದು ಗುಹೆ ಹೇಳುತ್ತಿದ್ದಾಳೆ. ಅಮ್ಮನಿಗೆ ಆಗಬಹುದಾ? ಊಟಕ್ಕೆ ಎಂತ ಮಾಡುವುದು?

ಜೆಪ್ಪು ದೋಣಿ, ಮಂಗಳೂರು

ಖಂಡಿತ ಹೋಗಿ. ಲಾಟ್‌ಗೆ ಸೇರುವ ಸೆಲೆ ಅನ್ನುವ ಸಣ್ಣ ನದಿಯ ಮೇಲೆ, ಕಾಬ್ರೆರೆ ಹಳ್ಳಿಯ ಗುಡ್ಡದಲ್ಲಿ ಆ ಗುಹೆ. ಊರಿನ ಇಬ್ಬರು ಹುಡುಗರು 1922ರಲ್ಲಿ ಒಳಗೆ ತೆವಳಿ ಹೋಗಿ ಚಿತ್ರಗಳನ್ನು ಕಂಡರು. ಎರಡು ಚುಕ್ಕೆ ಕುದುರೆಗಳು, ಸುಮಾರು 29,000 ವರ್ಷ ಹಳೆಯವು. ಬಲಗಡೆಯ ಕುದುರೆಯನ್ನು ಗಮನ ಇಟ್ಟು ನೋಡಿ. ಬಂಡೆಯ ಅಂಚೇ ಕುದುರೆ ತಲೆಯ ಆಕಾರದಲ್ಲಿದೆ, ಬರೆದವನು ಅದನ್ನು ಗುರುತಿಸಿ ಅಲ್ಲೇ ಕುದುರೆ ಬರೆದಿದ್ದಾನೆ. ಸುತ್ತ ಗೋಡೆಗೆ ಕೈ ಒತ್ತಿ ಬಣ್ಣ ಊದಿದ ಅಂಗೈ ಗುರುತುಗಳು. ನೋಡುವುದು ನಕಲಲ್ಲ, ಅಸಲು ಗೋಡೆಯನ್ನೇ. ಹಾಗಾಗಿ ದಿನಕ್ಕೆ 700 ಜನರನ್ನು ಮಾತ್ರ ಬಿಡುತ್ತಾರೆ, ಮೊದಲೇ ಬುಕ್ ಮಾಡಬೇಕು. ಒಳಗೆ ಮೆಟ್ಟಿಲು ಉಂಟು, ಒಂದು ಗಂಟೆ ನಡಿಗೆ, ತಂಪು. ಅಮ್ಮನಿಗೆ ಸ್ವೆಟರ್ ಮತ್ತು ಒಂದು ಊರುಗೋಲು ಇರಲಿ. ಬಸ್ಸು ಇಳಿಯುವಲ್ಲಿಂದ ಗುಡ್ಡ ಹತ್ತಬೇಕು, ಆ ದಿನ ಅಮ್ಮನಿಗೆ ಟ್ಯಾಕ್ಸಿ ಹೇಳಿ.

ಕದ್ರಿ ಕಂಬಳ

ಊಟದ ಬಗ್ಗೆ ನಾನು ಹೇಳುತ್ತೇನೆ, ನಾವೂ ಸಸ್ಯಾಹಾರಿಗಳೇ. ಅದು ಬಾತುಕೋಳಿ ತಿನ್ನುವ ಸೀಮೆ. ಆಲೂಗಡ್ಡೆ ಹುರಿದದ್ದು ಅಂತ ನಂಬಿ ತಿನ್ನಬೇಡಿ, ಅದನ್ನು ಬಾತಿನ ಕೊಬ್ಬಿನಲ್ಲೇ ಹುರಿಯುವ ಪದ್ಧತಿ. ರೊಕಾಮಾದೂರ್ ಅನ್ನುವ ಪುಟ್ಟ ಮೇಕೆ ಚೀಸು, ಆಕ್ರೋಟು ಹಾಕಿದ ಸಲಾಡ್ ಎಲ್ಲಾ ಕಡೆ ಸಿಗುತ್ತದೆ. ಆದರೆ ಅಲ್ಲಿನ ಹಳೇ ಪದ್ಧತಿಯ ಚೀಸುಗಳಿಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ. ಅಮ್ಮ ಅದನ್ನೂ ನೋಡುವವರಾದರೆ ಚೀಸು ಬಿಟ್ಟುಬಿಡಿ.

ಸುಲಭ ಅಂದರೆ ಅಡುಗೆಮನೆ ಇರುವ ಕೋಣೆ ತೆಗೆದುಕೊಳ್ಳುವುದು. ಕಾಓರಿನಲ್ಲಿ ಬುಧವಾರ ಮತ್ತು ಶನಿವಾರ ಬೆಳಿಗ್ಗೆ ದೊಡ್ಡ ಚರ್ಚಿನ ಎದುರು ಸಂತೆ. ತರಕಾರಿ, ಹಣ್ಣು, ಜೇನು ಎಲ್ಲ ಸಿಗುತ್ತದೆ. ಸಾರಿನ ಪುಡಿ, ಹಪ್ಪಳ ಇಲ್ಲಿಂದಲೇ ತೆಗೆದುಕೊಂಡು ಹೋಗಿ. ಭಾನುವಾರ ಮಧ್ಯಾಹ್ನದ ಮೇಲೆ, ಸೋಮವಾರ ಕೂಡ, ಹಳ್ಳಿಗಳಲ್ಲಿ ಅಂಗಡಿ ಬಾಗಿಲು ಹಾಕಿರುವುದೇ ಹೆಚ್ಚು. ಶನಿವಾರವೇ ಸಾಮಾನು ತಂದಿಟ್ಟುಕೊಳ್ಳಿ.

ನಡೆಯುವಾಗ ಮರ, ಕಲ್ಲಿನ ಮೇಲೆ ಬಣ್ಣದ ಪಟ್ಟಿ ನೋಡಿಕೊಳ್ಳಿ. ಬಿಳಿ ಮೇಲೆ, ಕೆಂಪು ಕೆಳಗೆ ಇದ್ದರೆ ಅದು ಜಿಆರ್ ಅನ್ನುವ ದೂರದ ದಾರಿ. ಹಳದಿ ಪಟ್ಟಿ ಊರಿನ ಸಣ್ಣ ಸುತ್ತು. ಅಡ್ಡಡ್ಡ ಗೀಟು ಹಾಕಿದ್ದರೆ ಆ ಕಡೆ ಹೋಗಬೇಡಿ ಅಂತ. ಹೊಳೆ ಬಿಟ್ಟು ಮೇಲಿನ ಬಯಲಿಗೆ ಹತ್ತಿದರೆ ಎಲ್ಲಾ ಸುಣ್ಣಕಲ್ಲು, ಮಳೆನೀರು ನೆಲದೊಳಗೆ ಇಳಿದುಹೋಗುತ್ತದೆ, ತೊರೆ ಸಿಗುವುದಿಲ್ಲ. ಬಾಟಲಿ ತುಂಬಿಸಿಕೊಂಡೇ ಹತ್ತಿ. ಸ್ಮಶಾನಗಳ ಗೇಟಿನ ಹತ್ತಿರ ನಲ್ಲಿ ಇರುತ್ತದೆ, ನಡೆಯುವವರು ಅಲ್ಲೇ ತುಂಬಿಸಿಕೊಳ್ಳುತ್ತಾರೆ. ಕುಡಿಯುವ ನೀರಲ್ಲ ಅಂತ ಬೋರ್ಡ್ ಇದೆಯಾ ಅಂತ ಮಾತ್ರ ನೋಡಿಕೊಳ್ಳಿ.

ಜೆಪ್ಪು ದೋಣಿ, ಮಂಗಳೂರು

ಇನ್ನೊಂದು. ಸೆಪ್ಟೆಂಬರಿನ ಮೂರನೇ ವಾರಾಂತ್ಯ ಫ್ರಾನ್ಸಿನಲ್ಲಿ ಪರಂಪರೆಯ ದಿನಗಳು, 1984ರಿಂದ ನಡೆದು ಬಂದಿದೆ. ಉಳಿದ ದಿನ ಮುಚ್ಚಿರುವ ಎಷ್ಟೋ ಹಳೇ ಕಟ್ಟಡಗಳ ಬಾಗಿಲು ಆ ಎರಡು ದಿನ ತೆರೆದಿರುತ್ತದೆ, ಬಹಳ ಕಡೆ ಟಿಕೆಟ್ಟೂ ಇಲ್ಲ. ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಹಾಕಬಹುದು. ವಿಮೆ ಕನಿಷ್ಠ 30,000 ಯೂರೋದ್ದು ಬೇಕು. ಅಮ್ಮನ ವಯಸ್ಸಿಗೆ ಅದು ಸ್ವಲ್ಪ ದುಬಾರಿ ಆಗುತ್ತದೆ, ಈಗಲೇ ವಿಚಾರಿಸಿ ಇಡಿ. ಆ ವಾರಾಂತ್ಯಕ್ಕೆ ಕಾಓರಿನಲ್ಲಿ ಕೋಣೆಯನ್ನೂ ಬೇಗ ಹಿಡಿದುಬಿಡಿ.