ಅಟ್ಟದಿಂದ ಇಳಿಸಿದ ಸ್ಟ್ರೋಲರ್: ಸರಿಮಾಡಿಕೊಳ್ಳೋದಾ, ಹೊಸದು ತಗೊಳ್ಳೋದಾ?

ಪ್ರಶ್ನೆ, ಬಸವನಗುಡಿಯಿಂದ:
ಮಗನಿಗೆ ಈಗ ನಾಲ್ಕು ತಿಂಗಳು. ಅಕ್ಕ ತನ್ನ ಮಗಳ ಸ್ಟ್ರೋಲರ್ ಕೊಟ್ಟಿದ್ದಾಳೆ. ತುಂಬಾ ಕಾಲ ಅಟ್ಟದ ಮೇಲಿತ್ತು. ಮುಂದಿನ ಚಕ್ರ ಕಿರ್ರೆನ್ನುತ್ತದೆ, ತಳ್ಳಿದರೆ ಎಡಕ್ಕೆ ಎಳೆಯುತ್ತದೆ, ಸೀಟಿನ ಬಟ್ಟೆಗೆ ಬೂಷ್ಟಿನ ವಾಸನೆ. ನಮ್ಮ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಸರಿಮಾಡಿಕೊಂಡು ಬಳಸಬಹುದಾ? ಅನುಭವ ಇರುವವರು ಹೇಳಿ.

ಮೈಸೂರಿನಿಂದ, ಎರಡು ಮಕ್ಕಳ ಅಮ್ಮ:
ಚಕ್ರದ ಸದ್ದು ಆಮೇಲೆ. ಸೀಟಿನ ಬೆನ್ನು ಎಷ್ಟು ಹಿಂದಕ್ಕೆ ಹೋಗುತ್ತದೆ ಅಂತ ಮೊದಲು ನೋಡಿ. ನಾಲ್ಕು ತಿಂಗಳ ಮಗುವಿಗೆ ಕೂರಲು ಬರುವುದಿಲ್ಲ, ಹಾಗಾಗಿ ಸೀಟು ಹೆಚ್ಚುಕಡಿಮೆ ಹಾಸಿಗೆಯ ಹಾಗೆ ಮಲಗಬೇಕು. ಛತ್ರಿಯಂತೆ ಮಡಚುವ ಹಗುರ ಸ್ಟ್ರೋಲರ್‌ಗಳಲ್ಲಿ ಹೆಚ್ಚಿನವು ಆರು ತಿಂಗಳ ಮೇಲಿನ ಮಕ್ಕಳಿಗೆ ಮಾಡಿದವು. ನಿಮ್ಮದು ಅಂಥದ್ದಾದರೆ ಮಗ ಕೂರುವ ತನಕ ಕಾಯಿರಿ.

ಆಮೇಲೆ ಬ್ರೇಕ್. ಮಗುವನ್ನು ಕೂರಿಸಿ ಪರೀಕ್ಷೆ ಮಾಡಬೇಡಿ. 10 ಕೆ.ಜಿ. ಅಕ್ಕಿ ಚೀಲ ಇಟ್ಟು, ಇಳಿಜಾರಿನಲ್ಲಿ ಬ್ರೇಕ್ ಒತ್ತಿ ನಿಲ್ಲಿಸಿ. ಒಂದು ಗೇಣು ಜಾರಿದರೂ ಬಳಸಬೇಡಿ. ಬೆಲ್ಟ್ ಐದು ಪಟ್ಟಿಯದ್ದಿರಲಿ: ಭುಜಕ್ಕೆ ಎರಡು, ಸೊಂಟಕ್ಕೆ ಎರಡು, ಕಾಲುಗಳ ನಡುವೆ ಒಂದು. ಕಾಲಿನ ನಡುವಿನದ್ದನ್ನು ಎಷ್ಟೋ ಜನ ಹಾಕುವುದೇ ಇಲ್ಲ. ಮಗು ನಿದ್ದೆಯಲ್ಲಿ ಕೆಳಕ್ಕೆ ಜಾರಿದಾಗ ತಡೆಯುವುದು ಅದೇ ಪಟ್ಟಿ.

ಹುಬ್ಬಳ್ಳಿಯಿಂದ, ಸೈಕಲ್ ಅಂಗಡಿಯವರು:
ನಮ್ಮಲ್ಲಿಗೆ ಬರುವ ಸ್ಟ್ರೋಲರ್‌ಗಳಲ್ಲಿ ಹೆಚ್ಚಿನವಕ್ಕೆ ರೋಗ ಒಂದೇ. ಮುಂದಿನ ಚಕ್ರದ ಆಕ್ಸಲ್‌ಗೆ ಕೂದಲು, ದಾರ, ಸೀರೆ ಸೆರಗಿನ ಎಳೆ ಸುತ್ತಿಕೊಂಡಿರುತ್ತದೆ. ಚಕ್ರ ಬಿಚ್ಚಲು ಸಾಮಾನ್ಯವಾಗಿ ಪಾನಾ ಬೇಕಾಗಿಲ್ಲ. ಚಕ್ರದ ಮೇಲ್ಗಡೆ ಸಣ್ಣ ಬಟನ್ ಇರುತ್ತದೆ, ಒತ್ತಿ ಎಳೆದರೆ ಕೈಗೆ ಬರುತ್ತದೆ. ಸಣ್ಣ ಕತ್ತರಿ, ಚಿಮಟ, ಹಳೇ ಟೂತ್‌ಬ್ರಷ್ ಸಾಕು. ಕಸ ತೆಗೆದು, ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ.

ಕೊಬ್ಬರಿ ಎಣ್ಣೆ ಹಾಕಲೇಬೇಡಿ. ಹೊಲಿಗೆ ಮಿಷನ್ ಎಣ್ಣೆಯೂ ಬೇಡ. ಸದ್ದು ಆಗಿಂದಾಗ್ಗೆ ನಿಲ್ಲುತ್ತದೆ ನಿಜ, ಆದರೆ ಎಣ್ಣೆಗೆ ಧೂಳು ಅಂಟಿ ಆಮೇಲೆ ಮೊದಲಿಗಿಂತ ಬಿಗಿಯಾಗುತ್ತದೆ. ಕಾರಿನ ಬಿಡಿಭಾಗದ ಅಂಗಡಿಯಲ್ಲಿ ಸಿಲಿಕೋನ್ ಸ್ಪ್ರೇ ಸಿಗುತ್ತದೆ. ಆಕ್ಸಲ್‌ಗೆ ಸ್ವಲ್ಪ ಹೊಡೆದು, ಹೆಚ್ಚಾದದ್ದನ್ನು ಒರೆಸಿ. ಬ್ರೇಕ್ ಹಿಡಿಯುವ ಜಾಗಕ್ಕೆ ಮಾತ್ರ ಹನಿಯೂ ತಾಗಬಾರದು.

ಎಡಕ್ಕೆ ಎಳೆಯುವುದಕ್ಕೂ ಇದೇ ಕಸ ಕಾರಣ ಇರಬಹುದು, ಒಂದು ಚಕ್ರ ಬಿಗಿಯಾದರೆ ಗಾಡಿ ಆ ಕಡೆ ತಿರುಗುತ್ತದೆ. ಇಲ್ಲವೇ ಮುಂದಿನ ಚಕ್ರ ಅತ್ತಿತ್ತ ತಿರುಗದಂತೆ ಹಿಡಿಯುವ ಲಾಕ್ ಒಂದು ಕಡೆ ಅರ್ಧ ಬಿದ್ದಿರುತ್ತದೆ. ಗಾಳಿ ತುಂಬುವ ಟೈರ್ ಆದರೆ ಎರಡೂ ಕಡೆ ಗಾಳಿ ಸಮ ಇದೆಯಾ ನೋಡಿ. ಪಂಕ್ಚರ್ ನಮ್ಮಂಥವರೇ ಹಾಕಿಕೊಡುತ್ತೇವೆ. ಕೊನೆಗೆ ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ. ಒಂದು ಚಕ್ರ ನೆಲ ಮುಟ್ಟದಿದ್ದರೆ ಫ್ರೇಮ್ ಬಗ್ಗಿದೆ ಅಂತ. ಬಡಿದು ನೆಟ್ಟಗೆ ಮಾಡಿಸಬೇಡಿ. ಅಲ್ಯೂಮಿನಿಯಂ ಬಗ್ಗಿದ ಜಾಗದಲ್ಲೇ ಮುಂದೆ ಬಿರುಕು ಬಿಡುತ್ತದೆ.

ಮಂಗಳೂರಿನಿಂದ, ಒಬ್ಬರು ಅಪ್ಪ:
ಬೂಷ್ಟಿನ ವಿಷಯದಲ್ಲಿ ನಮ್ಮೂರಿನವರನ್ನು ಕೇಳಿ! ಬಟ್ಟೆ ಬಿಚ್ಚಿ, ಮನೆಯ ಹೊರಗೆ ಒಣ ಬ್ರಷ್‌ನಿಂದ ಕೊಡವಿ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ, ಸ್ವಲ್ಪ ಹೊತ್ತು ಬಿಟ್ಟು ಸೋಪಿನ ನೀರಿನಲ್ಲಿ ತೊಳೆಯಿರಿ. ಮೂಲೆಯಲ್ಲಿ ಮೊದಲು ಹಚ್ಚಿ ಬಣ್ಣ ಹೋಗುತ್ತದಾ ನೋಡಿಕೊಳ್ಳಿ. ಬಿಸಿಲಿಗೆ ಹಾಕಿ. ಕಪ್ಪು ಚುಕ್ಕಿ ಉಳಿದರೂ ವಾಸನೆ ಹೋದರೆ ಆಯ್ತು. ಒಳಗಿನ ಸ್ಪಂಜಿಗೇ ಬೂಷ್ಟು ಹಿಡಿದಿದ್ದರೆ ಅದನ್ನು ಎಸೆದು ಬೇರೆ ಹಾಕಿಸಿ. ಬೆಲ್ಟಿಗೆ ಬ್ಲೀಚ್ ಬೇಡ, ನೂಲು ಸತ್ವ ಕಳೆದುಕೊಳ್ಳುತ್ತದೆ. ಮಳೆಯಲ್ಲಿ ನೆನೆದದ್ದನ್ನು ಹಾಗೇ ಮಡಚಿ ಇಡಬೇಡಿ, ಬೂಷ್ಟು ಶುರುವಾಗುವುದೇ ಅಲ್ಲಿಂದ.

ತುಮಕೂರಿನಿಂದ, ಒಬ್ಬರು ಅಜ್ಜಿ:
ನೋಡಮ್ಮ, ಲಿಫ್ಟ್ ಇಲ್ಲದ ಮನೆಗೆ ಅದೆಲ್ಲ ಯಾಕೆ? ಮಗುವನ್ನು ಎತ್ತಿಕೊಂಡು ಹೋದರೆ ಆಗಲ್ವಾ? ನಾವು ಹಾಗೇ ಸಾಕಿದ್ದು.

ಜಯನಗರದಿಂದ:
ಅಜ್ಜಿ ಹೇಳಿದ್ದರಲ್ಲಿ ಅರ್ಧ ನಿಜ. ಗಾಂಧಿ ಬಜಾರಿಗೆ ತರಕಾರಿ ತರಲು ಹೋದರೆ ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಒಳ್ಳೆಯದು. ಬೈಕ್ ಹತ್ತದಿರಲಿ ಅಂತ ಫುಟ್‌ಪಾತ್ ಬಾಯಿಗೆ ಕಂಬ ನೆಟ್ಟಿರುತ್ತಾರಲ್ಲ, ಸ್ಟ್ರೋಲರ್ ಕೂಡ ಅಲ್ಲೇ ನಿಲ್ಲುತ್ತದೆ. ಆದರೆ ಲಾಲ್‌ಬಾಗ್ ನಿಮಗೆ ಹತ್ತಿರ. ಬೆಳಿಗ್ಗೆ ಒಳಗಿನ ರಸ್ತೆಯಲ್ಲಿ ತಳ್ಳಿಕೊಂಡು ಹೋಗಿ, ಮಗು ಹಾಯಾಗಿ ಮಲಗುತ್ತದೆ. ಜನವರಿ, ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಮಾತ್ರ ಆ ಕಡೆ ತಲೆ ಹಾಕಬೇಡಿ. ಮೆಟ್ರೋದಲ್ಲಿ ಲಿಫ್ಟ್ ಹುಡುಕಿ, ಎಸ್ಕಲೇಟರ್ ಮೇಲೆ ಸ್ಟ್ರೋಲರ್ ಬೇಡ. ಮನೆಯಲ್ಲಿ ಅದನ್ನು ಮೇಲಕ್ಕೆ ಹೊರಬೇಕಿಲ್ಲ. ಕೆಳಗೆ ಮೀಟರ್ ಬೋರ್ಡ್ ಹತ್ತಿರ ಸೈಕಲ್ ಚೈನ್ ಹಾಕಿ ಬೀಗ ಹಾಕಿ, ಮೇಲೆ ಹಳೇ ಬೆಡ್‌ಶೀಟ್ ಹೊದಿಸಿ.

ಬಳ್ಳಾರಿಯಿಂದ:
ಬೆಡ್‌ಶೀಟ್ ಅಂದಾಗ ನೆನಪಾಯಿತು. ಬಿಸಿಲು ಅಂತ ಮಗು ಒಳಗಿರುವಾಗ ಒಣ ಬಟ್ಟೆ ಪೂರ್ತಿ ಮುಚ್ಚಬೇಡಿ. ಗಾಳಿ ಆಡುವುದಿಲ್ಲ, ಬಟ್ಟೆ ತೆಳ್ಳಗಿದ್ದರೂ ಒಳಗೆ ಹೊರಗಿಗಿಂತ ಜಾಸ್ತಿ ಸೆಕೆ. ಮಗುವಿನ ಮುಖವೂ ಕಾಣುವುದಿಲ್ಲ. ಟೋಪಿಯಂಥ ಹುಡ್ ಸಾಕು.

ಮೆಲ್ಬರ್ನ್‌ನಿಂದ, ಶಿವಮೊಗ್ಗ ಮೂಲದವರು:
ಇಲ್ಲಿ ಪ್ರ್ಯಾಮ್ (ಮಗುವಿನ ತಳ್ಳುಗಾಡಿ) ಮಾರಬೇಕಾದರೆ ಬ್ರೇಕಿನ ಲಿವರ್ ಕೆಂಪು ಇರಬೇಕು, ಹ್ಯಾಂಡಲ್‌ಗೆ ಮಣಿಕಟ್ಟಿನ ಪಟ್ಟಿ ಇರಬೇಕು ಅಂತ ಕಾನೂನೇ ಇದೆ. 2009ರಲ್ಲಿ ಇಲ್ಲಿನ ಆಶ್‌ಬರ್ಟನ್ ಸ್ಟೇಷನ್‌ನಲ್ಲಿ ಅಮ್ಮ ಕೈಬಿಟ್ಟ ಕ್ಷಣದಲ್ಲಿ ಪ್ರ್ಯಾಮ್ ಉರುಳಿ ಹಳಿ ಮೇಲೆ, ರೈಲಿನ ಮುಂದೆ ಬಿದ್ದಿತ್ತು. ಮಗು ಬದುಕಿತು, ಪುಣ್ಯ. ಮಟ್ಟಸವಾಗಿ ಕಾಣುವ ನೆಲಕ್ಕೂ ನೀರು ಹರಿಯಲು ಇಳಿಜಾರು ಕೊಟ್ಟಿರುತ್ತಾರೆ. ನಿಮ್ಮದರಲ್ಲಿ ಪಟ್ಟಿ ಇಲ್ಲದಿದ್ದರೆ ಗಟ್ಟಿ ಪಟ್ಟಿಯೊಂದನ್ನು ಹೊಲಿಸಿಕೊಳ್ಳಿ. ಇನ್ನೊಂದು, ಹ್ಯಾಂಡಲ್‌ಗೆ ತರಕಾರಿ ಚೀಲ ನೇತುಹಾಕಬೇಡಿ. ಮಗುವನ್ನು ಎತ್ತಿದ ತಕ್ಷಣ ಗಾಡಿ ಹಿಂದಕ್ಕೆ ಮಗುಚುತ್ತದೆ.

ಧಾರವಾಡದಿಂದ:
ಮಡಚುವ ಕೀಲುಗಳ ಬಗ್ಗೆ ಯಾರೂ ಹೇಳಲಿಲ್ಲ. ಛತ್ರಿ ಮಾದರಿಯನ್ನು 1965ರಲ್ಲಿ ಮಾಡಿದ ಓವೆನ್ ಮ್ಯಾಕ್ಲಾರೆನ್ ವಿಮಾನದ ಎಂಜಿನಿಯರ್, ಸ್ಪಿಟ್‌ಫೈರ್ ವಿಮಾನದ ಮಡಚುವ ಚಕ್ರಗಳ ಕೆಲಸ ಮಾಡಿದವರು. ಅವರ ಹೆಸರಿನ ಕಂಪನಿಯೇ 2009ರಲ್ಲಿ ಅಮೆರಿಕದಲ್ಲಿ ಸುಮಾರು 10 ಲಕ್ಷ ಸ್ಟ್ರೋಲರ್‌ಗಳ ಕೀಲಿಗೆ ಕವರ್ ಹಂಚಬೇಕಾಯಿತು, ಮಕ್ಕಳ ಬೆರಳು ಸಿಕ್ಕಿಕೊಂಡು ತುಂಡಾಗಿದ್ದಕ್ಕೆ. ಬಿಚ್ಚುವಾಗ, ಮಡಚುವಾಗ ಮಗು ಪಕ್ಕದಲ್ಲಿ ಇರಬಾರದು.

ಬಸವನಗುಡಿಯಿಂದ ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ಸೀಟು ಪೂರ್ತಿ ಮಲಗುತ್ತದೆ, ಬ್ರೇಕ್ ಅಕ್ಕಿ ಚೀಲ ತಡೆಯಿತು. ಚಕ್ರದಿಂದ ಬಂದ ಕೂದಲು ನೋಡಿ ಅಕ್ಕನಿಗೇ ನಾಚಿಕೆ. ಈಗ ನೆಟ್ಟಗೆ ಹೋಗುತ್ತದೆ. ಆದರೆ ಬೆಲ್ಟಿನ ಬಕಲ್ ಒಂದು ಕಡೆ ಸರಿಯಾಗಿ ಕಚ್ಚುತ್ತಿಲ್ಲ, ಎಳೆದರೆ ಬಿಟ್ಟುಕೊಳ್ಳುತ್ತದೆ.

ಹುಬ್ಬಳ್ಳಿಯಿಂದ:
ಬಕಲ್ ಒಳಗೆ ಬಿಸ್ಕತ್ ಪುಡಿ, ಹಾಲು ಒಣಗಿ ಕೂತಿರುತ್ತದೆ ಮೇಡಂ. ಬೆಚ್ಚಗಿನ ನೀರು ಹಾಯಿಸಿ, ಒತ್ತಿ ಬಿಟ್ಟು ಮಾಡಿ, ಒಣಗಿಸಿ. ಇದಕ್ಕೂ ಎಣ್ಣೆ ಬೇಡ. ಆಗಲೂ ಟಕ್ ಅಂತ ಕೂರದಿದ್ದರೆ ಅದರಲ್ಲಿ ಮಗುವನ್ನು ಕೂರಿಸಬೇಡಿ. ಬ್ಯಾಗ್ ಅಂಗಡಿಯ ಬಕಲ್ ಹೊಲಿಸುವುದೂ ಬೇಡ, ಅದು ಮಗುವಿನ ಭಾರಕ್ಕೆ ಮಾಡಿದ್ದಲ್ಲ. ಹಿಂದಿನ ಚಕ್ರದ ಹತ್ತಿರ ಫ್ರೇಮ್ ಮೇಲೆ ಮಾಡೆಲ್ ನಂಬರಿನ ಸ್ಟಿಕ್ಕರ್ ಇದೆಯಾ ನೋಡಿ. ಅದರ ಫೋಟೋ ಕಳಿಸಿ ಕಂಪನಿಯವರನ್ನೇ ಬಕಲ್ ಕೇಳಿ.