ಮೇಪಲ್ ಮರದ ನೆರಳಿಗೆ ಎಲೆ ಚೆಂದದ ವಯೋಲೆಟ್

ಪ್ರಶ್ನೆ: ಮೇಡಂ, ನಾವಿರುವುದು ನ್ಯೂಜೆರ್ಸಿಯಲ್ಲಿ. ಹಿತ್ತಲಲ್ಲಿ ದೊಡ್ಡ ಮೇಪಲ್ ಮರ ಇದೆ. ಅದರ ಕೆಳಗೆ ಹುಲ್ಲೂ ಏಳುವುದಿಲ್ಲ. ನರ್ಸರಿಯಲ್ಲಿ ಬೆಳ್ಳಿ ಬಣ್ಣದ ಎಲೆಯ ವಯೋಲೆಟ್ ಹೂಗಿಡ ನೋಡಿದೆ. ಹಾಕಬಹುದಾ?

ಉತ್ತರ: ಖಂಡಿತ ಹಾಕಿ. ಹೂವು ವಸಂತದಲ್ಲಿ ಕೆಲವೇ ವಾರ, ಆಮೇಲೆಲ್ಲ ಕಣ್ಣಿಗೆ ಕಾಣುವುದು ಎಲೆ. ಹಾಗಾಗಿ ಎಲೆ ನೋಡಿಯೇ ತಳಿ ಆರಿಸಿ. ನೀವು ನೋಡಿದ್ದು ‘ಸಿಲ್ವರ್ ಜೆಮ್’ ಇರಬಹುದು. ಅದು ಅಮೆರಿಕದ ಆಗ್ನೇಯ ಭಾಗದ ಕಾಡು ವಯೋಲೆಟ್‌ನಿಂದ ಆರಿಸಿದ ತಳಿ, ಹೊರತಂದಿದ್ದು ಡೆಲಾವೇರ್‌ನ ಮೌಂಟ್ ಕ್ಯೂಬಾ ಸೆಂಟರ್ ಎಂಬ ಸಸ್ಯೋದ್ಯಾನ. ಎಲೆ ಬೆಳ್ಳಿ, ನರ ಹಸಿರು, ಮಗುಚಿ ನೋಡಿದರೆ ನೇರಳೆ. ನೆಲಕ್ಕೆ ಅಂಟಿಕೊಂಡು ಹಬ್ಬುತ್ತದೆ. ಕೊರಿಯನ್ ವಯೋಲೆಟ್ ಇದಕ್ಕೆ ತದ್ವಿರುದ್ಧ, ಹಸಿರು ಎಲೆಯಲ್ಲಿ ಬೆಳ್ಳಿ ನರ. ಅದೂ ಚೆಂದವೇ, ಆದರೆ ತೇವ ಜಾಸ್ತಿ ಬೇಕು.

ಮೇಪಲ್ ಕೆಳಗೆ ನೆರಳಿಗಿಂತ ನೀರಿನದೇ ತೊಂದರೆ. ಮರದ ಬೇರು ಮೇಲ್ಮಣ್ಣಿನ ತೇವವನ್ನೆಲ್ಲ ಹೀರುತ್ತದೆ. ಬೇರು ಕಡಿಯಬೇಡಿ. ಸಂದಿ ನೋಡಿ ಪುಟ್ಟ ಸಸಿ ನೆಡಿ, ಸುತ್ತ ಕೊಳೆತ ಎಲೆಗೊಬ್ಬರ ಹರಡಿ. ಮೊದಲ ಬೇಸಿಗೆ ಪೂರ್ತಿ ನೀರು ತಪ್ಪಿಸಬೇಡಿ. ಆಮೇಲೆ ‘ಸಿಲ್ವರ್ ಜೆಮ್’ ಒಣ ನೆರಳನ್ನೂ ತಾಳುತ್ತದೆ.

ಪ್ರಶ್ನೆ: ನಮ್ಮಲ್ಲಿ ಕೊರಿಯನ್ ವಯೋಲೆಟ್ ಇದೆ. ಬೇಸಿಗೆಯಲ್ಲಿ ಹೂವೇ ಕಾಣಲ್ಲ, ಆದರೂ ಎಲ್ಲೆಂದರಲ್ಲಿ ಸಸಿ ಹುಟ್ಟುತ್ತಿವೆ. ಹೇಗೆ?

ಉತ್ತರ: ಎಲೆ ಸರಿಸಿ ಬುಡ ನೋಡಿ. ಅರಳದ ಪುಟ್ಟ ಹಸಿರು ಮೊಗ್ಗುಗಳು ಸಿಗುತ್ತವೆ. ಅವು ಮುಚ್ಚಿಕೊಂಡೇ ಒಳಗೇ ಪರಾಗಸ್ಪರ್ಶ ಮುಗಿಸಿ ಬೀಜ ಕಟ್ಟುತ್ತವೆ, ಜೇನ್ನೊಣವೂ ಬೇಡ. ಕಾಯಿ ಮೊದಲು ತಲೆ ತಗ್ಗಿಸಿರುತ್ತದೆ. ಬಲಿತ ಮೇಲೆ ನೆಟ್ಟಗಾಗಿ, ಮೂರು ಹೋಳಾಗಿ ಬಿರಿದು ಬೀಜ ಸಿಡಿಸುತ್ತದೆ. ಬೀಜಕ್ಕೆ ಅಂಟಿದ ಕೊಬ್ಬಿನ ಆಸೆಗೆ ಇರುವೆಗಳು ಇನ್ನೂ ದೂರ ಹೊತ್ತೊಯ್ಯುತ್ತವೆ. ಬೇಡವೆಂದರೆ ಕಾಯಿ ತಲೆ ಎತ್ತುವ ಮುಂಚೆ ಚಿವುಟಿ. ನಾನಾದರೆ ಒಂದಷ್ಟು ಬಿಡುತ್ತೇನೆ. ಫ್ರಿಟಿಲರಿ ಚಿಟ್ಟೆಯ ಮರಿಹುಳುಗಳಿಗೆ ವಯೋಲೆಟ್ ಎಲೆಯೇ ಊಟ, ಅಲ್ವಾ? ಹಾಗಾಗಿ ಔಷಧಿ ಮಾತ್ರ ಹೊಡೆಯಬೇಡಿ.

ಪ್ರಶ್ನೆ: ಬೆಂಗಳೂರಲ್ಲಿ ಇವು ಬರುತ್ತವಾ?

ಉತ್ತರ: ಕಷ್ಟ. ಇವಕ್ಕೆ ಒಂದಷ್ಟು ಕಾಲ ಗಟ್ಟಿ ಚಳಿ ಬೇಕು. ಅಲ್ಲಿ ಕಿಟಕಿ ಬಳಿ ಬಿಳಿ ಅಂಚಿನ ಎಲೆಯ ಆಫ್ರಿಕನ್ ವಯೋಲೆಟ್ ಇಡಿ. ಇದು ತಾಂಜಾನಿಯಾ, ಕೀನ್ಯಾ ಕಡೆಯ ಬೇರೆಯೇ ಕುಟುಂಬದ ಗಿಡ. ಕುಂಡದ ಕೆಳಗಿನ ತಟ್ಟೆಗೆ ನೀರು ಹಾಕಿ, ಅರ್ಧ ಗಂಟೆ ಬಿಟ್ಟು ಉಳಿದದ್ದನ್ನು ಚೆಲ್ಲಿ. ಎಲೆಗೆ ತಣ್ಣೀರು ತಾಗಿದರೆ ಕಲೆ ಬೀಳುತ್ತದೆ. ಸೆಖೆಗೆ ಕೆಲವು ತಳಿಗಳಲ್ಲಿ ಬಿಳಿ ಅಂಚು ಮಾಸಿ ಹೊಸ ಎಲೆ ಹಸಿರಾಗಿ ಬರಬಹುದು. ಗಾಬರಿ ಬೇಡ, ತಂಪು ಜಾಗಕ್ಕೆ ಸರಿಸಿದರೆ ಸಾಕು.