ಹೈಸ್ಕೂಲ್ ಮಕ್ಕಳಿಗೆ ಯೂನಿವರ್ಸಿಟಿ ಅಥ್ಲೆಟಿಕ್ಸ್ ತೋರಿಸಿದರೆ ಉಪಯೋಗ ಇದೆಯಾ?

ಪಿ.ಇ. ಟೀಚರ್, ಕಡೂರು:
ಸರ್ಕಾರಿ ಹೈಸ್ಕೂಲಿನಲ್ಲಿ ಪಿ.ಇ. ಟೀಚರ್ ನಾನು. ಹನ್ನೊಂದು ಮಕ್ಕಳು ಬೆಳಿಗ್ಗೆ ಆರಕ್ಕೇ ಮೈದಾನಕ್ಕೆ ಬರುತ್ತಿದ್ದರು. ತಾಲ್ಲೂಕು ಮಟ್ಟದಲ್ಲಿ ಸೋತ ಮೇಲೆ ನಾಲ್ವರು ಬರುವುದನ್ನೇ ಬಿಟ್ಟರು. ಯೂನಿವರ್ಸಿಟಿ ಕೂಟ ತೋರಿಸಿದರೆ ಹುರುಪು ಬರಬಹುದೇನೋ. "ಟಿವಿಯಲ್ಲಿ ಒಲಿಂಪಿಕ್ಸ್ ತೋರಿಸಿ, ಸಾಕು" ಅನ್ನುತ್ತಾರೆ ನಮ್ಮ ಎಚ್.ಎಂ. ಯಾರಾದರೂ ಕರೆದುಕೊಂಡು ಹೋಗಿದ್ದೀರಾ? ಫೈನಲ್ ದಿನವೇ ಹೋಗಬೇಕಾ?

ನಿವೃತ್ತ ಮೇಷ್ಟ್ರು, ಹಾಸನ:
ಫೈನಲ್ ಬೇಡ ಮೇಡಂ, ಹೀಟ್ಸ್ (ಫೈನಲ್‌ಗೆ ಮುಂಚಿನ ಆಯ್ಕೆ ಸುತ್ತು) ಇರುವ ದಿನ ಹೋಗಿ. 2020ರ ಜನವರಿಯಲ್ಲಿ ಮೂಡುಬಿದಿರೆಯ ಸ್ವರಾಜ್ ಮೈದಾನದಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ನಡೆಯಿತು. ಒಂಬತ್ತು ಮಕ್ಕಳನ್ನು ಕರೆದುಕೊಂಡು ಹೋದೆ. ಶಿರಾಡಿ ಘಾಟಿಯಲ್ಲಿ ಮೂವರಿಗೆ ವಾಂತಿ. ನಿಂಬೆಹಣ್ಣು ಮರೀಬೇಡಿ.

ಮೊದಲು ಗ್ಯಾಲರಿಯಲ್ಲಿ ಕೂರಿಸಿದೆ. ಅರ್ಧ ಗಂಟೆಗೆಲ್ಲ ಕಣ್ಣು ಐಸ್‌ಕ್ರೀಮ್ ಗಾಡಿ ಕಡೆ. ಎಬ್ಬಿಸಿಕೊಂಡು ಲಾಂಗ್ ಜಂಪ್ ಕಡೆ ಹೋಗಿ, ಬೇಲಿ ಪಕ್ಕ ನಿಲ್ಲಿಸಿದೆ. ಅಲ್ಲೊಬ್ಬ ಹುಡುಗಿ, ಕಾಲೂರಿ ಹಾರುವ ಬೋರ್ಡಿನಿಂದ ಹಿಂದಕ್ಕೆ ಟೇಪ್ ಹಿಡಿದು ಅಳೆದು, ಓಟ ಶುರು ಮಾಡುವ ಜಾಗಕ್ಕೆ ಗುರುತು ಇಟ್ಟುಕೊಂಡಳು. ಓಡಿ ಬಂದು ಹಾರಿದಳು, ಕಾಲು ಬೋರ್ಡ್ ದಾಟಿ ಫೌಲ್. ಸುಮ್ನೆ ವಾಪಸ್ ಹೋಗಿ ಗುರುತನ್ನು ಒಂದು ಪಾದ ಹಿಂದೆ ಸರಿಸಿದಳು. ನಮ್ಮ ಹುಡುಗಿಯೊಬ್ಬಳು ವರ್ಷವಿಡೀ ಕಣ್ಣಳತೆಯಲ್ಲೇ ಹಾರುತ್ತಿದ್ದಳು. ನಾನು ಹೇಳಿ ಹೇಳಿ ಸಾಕಾಗಿತ್ತು. ಊರಿಗೆ ಬಂದ ಮರುದಿನ ನೋಡಿದರೆ, ಗಾರೆ ಕೆಲಸದ ಅಪ್ಪನ ಟೇಪ್ ಹಿಡಿದು ನಿಂತಿದ್ದಾಳೆ!

100 ಮೀಟರ್ ಹೀಟ್ಸ್‌ನಲ್ಲಿ ಒಬ್ಬ ಪಿಸ್ತೂಲ್ ಸದ್ದಿಗೆ ಮೊದಲೇ ಹೊರಟ. 2010ರಿಂದ ಒಂದೇ ಒಂದು ಫಾಲ್ಸ್ ಸ್ಟಾರ್ಟ್ ಆದರೂ ಆಟದಿಂದ ಹೊರಗೆ. ಎಷ್ಟು ದೂರದಿಂದ ಬಂದಿದ್ದನೋ ಪಾಪ, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಕೂತ. ಸಂಜೆ ಅವನೇ ರಿಲೇ ಹುಡುಗರ ಜೊತೆ ಬೇಟನ್ ಕೊಡೋದು, ತಗೊಳ್ಳೋದು ಪ್ರಾಕ್ಟೀಸ್ ಮಾಡುತ್ತಿದ್ದ. "ಸಾರ್, ಇಷ್ಟು ದೊಡ್ಡವರೂ ಅಳ್ತಾರಾ?" ಅಂದ ನಮ್ಮ ಹುಡುಗ. ನಿಮ್ಮ ಎಚ್.ಎಂ. ಹೇಳುವ ಟಿವಿಯಲ್ಲಿ ಆ ಸಂಜೆ ಕಾಣಿಸೋದಿಲ್ಲ ಮೇಡಂ.

ಒಬ್ಬ ಅಪ್ಪ, ಬೆಂಗಳೂರು:
ಫೈನಲ್ ಬೇಡ ಅನ್ನೋದನ್ನು ನಾನು ಒಪ್ಪಲ್ಲ. 2022ರಲ್ಲಿ ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್ ಬೆಂಗಳೂರಲ್ಲೇ ಆಯ್ತಲ್ಲ, ಮಗಳನ್ನು ಕಂಠೀರವಕ್ಕೆ ಕರೆದುಕೊಂಡು ಹೋದೆ. ಒಲಿಂಪಿಕ್ಸ್‌ನಲ್ಲಿ ಓಡಿದ ದ್ಯುತಿ ಚಂದ್ ಅವರನ್ನು ನೋಡೋಕೆ ಅಂತಲೇ ಹೋಗಿದ್ದು. 200 ಮೀಟರ್‌ನಲ್ಲಿ ನಮ್ಮ ಕರ್ನಾಟಕದ ಪ್ರಿಯಾ ಮೋಹನ್, ದ್ಯುತಿಯನ್ನೇ ಹಿಂದೆ ಹಾಕಿದರು! ಮಗಳು ಕೂಗಿ ಕೂಗಿ ಗಂಟಲು ಕಟ್ಟಿಕೊಂಡಳು. ಮರುದಿನದಿಂದ ಐದಕ್ಕೇ ಎದ್ದು ಓಟ. ನಿಜ ಹೇಳಬೇಕು ಅಂದರೆ, ಅದು ಹದಿನೈದು ದಿನ ನಡೆಯಿತು.

ನಿವೃತ್ತ ಮೇಷ್ಟ್ರು, ಹಾಸನ:
ಹದಿನೈದು ದಿನ! ನೀವೇ ಹೇಳಿಬಿಟ್ಟಿರಲ್ಲ ಸಾರ್.

ಪಿ.ಇ. ಟೀಚರ್, ಕಡೂರು:
ಹೀಟ್ಸ್‌ಗೇ ಹೋಗುತ್ತೇವೆ. ಬಿಟ್ಟುಹೋದ ನಾಲ್ವರಲ್ಲಿ ಮೂವರ ಮನೆಗೆ ಇವತ್ತು ಹೋಗಿದ್ದೆ. ಇಬ್ಬರು ಬರುತ್ತಾರಂತೆ. ಇನ್ನೊಬ್ಬನ ಅಜ್ಜಿ "ರಾತ್ರಿ ಎಲ್ಲಿ ಮಲಗಿಸ್ತೀಯವ್ವಾ?" ಅಂದರು. ನೀವು ಎಲ್ಲಿ ಉಳಿದುಕೊಂಡಿದ್ದಿರಿ ಸಾರ್?

ನಿವೃತ್ತ ಮೇಷ್ಟ್ರು, ಹಾಸನ:
ಉಳಿಯಲೇ ಇಲ್ಲ. ಬೆಳಗಿನ ಜಾವ ಮೂರಕ್ಕೆ ಬಿಟ್ಟು ರಾತ್ರಿಯೇ ವಾಪಸ್. ಬುತ್ತಿಗೆ ಚಿತ್ರಾನ್ನ. ಅಜ್ಜಿಗೆ ಫೋನ್ ಹಚ್ಚಿಕೊಡಿ, ನಾನೇ ಮಾತಾಡುತ್ತೇನೆ.